ಮೈನಸ್ ಪಲ್ಸಾರ್‌ಗಳು ದಾರಿಗೆ ಬಂದವು

ಕೊನೆಗೂ ನ್ಯಾನ್ (ಲೆಕ್ಕ ಕೆಟ್ಟಾಗ ಕಂಪ್ಯೂಟರ್ ಕೊಡುವ ‘ಸಂಖ್ಯೆಯಲ್ಲ’ ಎಂಬ ಉತ್ತರ) ಹೋಯಿತು! 47 ಟುಕಾನೇ ಒಂದು ಗೋಳಗುಚ್ಛ, ಅಂದರೆ ಚೆಂಡಿನಂತೆ ಒತ್ತಾಗಿ ಸೇರಿದ ನಕ್ಷತ್ರಗಳ ಗುಂಪು. ಅದರ ಪಲ್ಸಾರ್‌ಗಳಿಂದ (ಗಿರಗಿರನೆ ತಿರುಗುತ್ತಾ ಮಿಡಿಯುವ ಸತ್ತ ನಕ್ಷತ್ರಗಳು) ಎಷ್ಟು ಗಾಮಾ ಕಿರಣ ಬರುತ್ತದೆ ಎಂದು ಲೆಕ್ಕ ಹಾಕುವ ನನ್ನ ಮಾಡೆಲ್ ಎರಡು ತಿಂಗಳಿಂದ ಅಲ್ಲೇ ಸಿಕ್ಕಿಕೊಂಡಿತ್ತು.

ಗಾಮಾ ಕಿರಣ ನೋಡುವ ಫರ್ಮಿ ಬಾಹ್ಯಾಕಾಶ ದೂರದರ್ಶಕಕ್ಕೆ ಇಡೀ ಗುಚ್ಛ ಒಂದೇ ಚುಕ್ಕೆ. ಹಾಗಾಗಿ ಪ್ರತಿ ಪಲ್ಸಾರ್‌ನ ಒಂದು ಸುತ್ತಿನ ಅವಧಿ ಮತ್ತು ಅದು ನಿಧಾನವಾಗುವ ದರವನ್ನು ರೇಡಿಯೊ ಪಟ್ಟಿಯಿಂದ ತೆಗೆದುಕೊಂಡೆ. ಅದರಿಂದ ಶಕ್ತಿ ಲೆಕ್ಕ ಹಾಕಿ, ಹತ್ತರಲ್ಲೊಂದು ಪಾಲು ಗಾಮಾ ಎಂದು ಕೂಡಿಸಿದೆ. ಆದರೆ ಹಲವು ಪಲ್ಸಾರ್‌ಗಳ ದರವೇ ಮೈನಸ್! ಸೆಕೆಂಡಿಗೆ ಸುಮಾರು 174 ಸುತ್ತು ತಿರುಗುವ 47 ಟುಕ್ ಸಿ ಎಂಬ ಪಲ್ಸಾರ್ ದಿನೇ ದಿನೇ ಜೋರಾಗುತ್ತಿದೆ ಎನ್ನುತ್ತದೆ ಅಂಕಿ. ಶಕ್ತಿ ಮೈನಸ್, ಮೈನಸ್ ಸಂಖ್ಯೆಗೆ ಲಾಗ್ ಇಲ್ಲ, ಹಾಗಾಗಿ ಅದು ನ್ಯಾನ್, ಮೊತ್ತವೂ ನ್ಯಾನ್.

ಇದು ಗುಚ್ಛದ ಸೆಳೆತದ ಕೆಲಸ. ರೈಲು ಸೀಟಿ ಹೊಡೆಯುತ್ತಾ, ವೇಗ ಹೆಚ್ಚಿಸಿಕೊಳ್ಳುತ್ತಾ ನಮ್ಮ ಕಡೆ ಬಂದರೆ ದನಿ ಏರುತ್ತಲೇ ಹೋಗುತ್ತದೆ ಅಲ್ವಾ? ಗುಚ್ಛದ ಹಿಂಬದಿಯ ಪಲ್ಸಾರ್‌ಗಳನ್ನು ನಡುಭಾಗ ನಮ್ಮ ಕಡೆಗೇ ಎಳೆಯುತ್ತದೆ, ಹಾಗಾಗಿ ಅವುಗಳ ಮಿಡಿತವೂ ಏರುತ್ತಿರುವಂತೆ ಕಾಣುತ್ತದೆ.

ಹಾಗಾದರೆ ಮೈನಸ್ ಇದ್ದವನ್ನು ಬಿಟ್ಟರಾಯಿತು ಅಂದುಕೊಂಡೆ. ಅಲ್ಲೇ ಪೆಟ್ಟು ಬಿತ್ತು. ಮೊತ್ತ ಫರ್ಮಿ ಅಳೆದದ್ದಕ್ಕಿಂತ ತುಂಬಾ ಜಾಸ್ತಿ ಬಂತು. ಮುಂಬದಿಯವುಗಳನ್ನು ಅದೇ ಸೆಳೆತ ನಮ್ಮಿಂದ ಆಚೆಗೆ ಎಳೆದು, ಅವುಗಳ ದರವನ್ನು ಉಬ್ಬಿಸಿರುತ್ತದೆ. ಹಿಂದಿನವನ್ನು ತೆಗೆದರೆ ಉಬ್ಬಿದವೇ ಉಳಿಯುತ್ತವೆ. ಅದೂ ಸಣ್ಣ ಉಬ್ಬಲ್ಲ. 5 ಮಿಲಿಸೆಕೆಂಡ್ ಪಲ್ಸಾರ್‌ನ ನಿಜವಾದ ದರ 10⁻²⁰ ಆಸುಪಾಸು. ಸೆಕೆಂಡಿನ ವರ್ಗಕ್ಕೆ 10⁻⁸ ಮೀಟರ್ ಸೆಳೆತ ಸಾಕು, ಅದಕ್ಕೆ 1.7 × 10⁻¹⁹ ಸೇರಿಕೊಳ್ಳುತ್ತದೆ. ನಾನು ಇಷ್ಟು ದಿನ ಅಳೆದದ್ದು ಪಲ್ಸಾರ್‌ನ್ನಲ್ಲ, ಗುಚ್ಛವನ್ನು.

ಈಗ ಯಾವುದನ್ನೂ ಬಿಡುತ್ತಿಲ್ಲ. ಪ್ರತಿ ಪಲ್ಸಾರ್‌ನ್ನು ಗುಚ್ಛದಲ್ಲಿ ಹತ್ತು ಸಾವಿರ ಸಲ ಹಿಂದೆ ಮುಂದೆ ಇಟ್ಟು, ಆಯಾ ಜಾಗದ ಸೆಳೆತ ಕಳೆದು, ನಿಜವಾದ ದರ ಪ್ಲಸ್ ಬಂದ ಸಲಗಳನ್ನಷ್ಟೇ ಇಟ್ಟುಕೊಳ್ಳುತ್ತೇನೆ. ನಿನ್ನೆ ರಾತ್ರಿ ಮೊತ್ತ, ಫರ್ಮಿ ತಂಡ ಅಳೆದ ಸೆಕೆಂಡಿಗೆ 4.8 × 10³⁴ ಎರ್ಗ್ (ಶಕ್ತಿಯ ಅಳತೆ) ಹತ್ತಿರ ಬಂತು. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಇದು ಮೂರು ವಾರ ಮೊದಲೇ ಆಗಬೇಕಿತ್ತು. ಈ ಲೆಕ್ಕಕ್ಕಾಗಿ ಲ್ಯಾಪ್‌ಟಾಪಿಗೆ ರ‍್ಯಾಮ್ ತರಿಸಿಕೊಡಿ ಎಂದರೆ ಅಂಗಡಿಯವರು ಡೆಸ್ಕ್‌ಟಾಪಿನ ಉದ್ದ ಪಟ್ಟಿ ತರಿಸಿದರು. ವಾಪಸ್ ತೆಗೆದುಕೊಳ್ಳಲೂ ಒಲ್ಲೆ ಅಂದರು.

47 ಟುಕಾನೇ ಕಲಬುರಗಿಯಿಂದ ಕಾಣುವುದಿಲ್ಲ. ದಕ್ಷಿಣದಲ್ಲಿ ಅರ್ಧ ಡಿಗ್ರಿಯಷ್ಟು ಏರಿ ಧೂಳಲ್ಲೇ ಮುಳುಗುತ್ತದೆ. ಒಮೆಗಾ ಸೆಂಟಾರಿ ಎಂಬ ಇನ್ನೊಂದು ಗೋಳಗುಚ್ಛ ಹಾಗಲ್ಲ, 25 ಡಿಗ್ರಿ ಮೇಲೆ ಬರುತ್ತದೆ. ಅದರ ಗಾಮಾ ಮೊದಲು ಸಿಕ್ಕಿತ್ತು, ಪಲ್ಸಾರ್‌ಗಳು ಸಿಕ್ಕಿದ್ದು 2020ರಲ್ಲಿ. ಮುಂದಿನ ಮಾಡೆಲ್ ಅದೇ. ಮೇ ತಿಂಗಳ ಅಮಾವಾಸ್ಯೆಗೆ ಆಳಂದ ರಸ್ತೆಯಲ್ಲಿ ತೊಗರಿ ಕೊಯ್ದ ಖಾಲಿ ಹೊಲಕ್ಕೆ ಬೈನಾಕ್ಯುಲರ್ ಹಿಡಿದು ಹೋಗುತ್ತೇನೆ. ಬರುವವರು ನೀರು ಜಾಸ್ತಿ ತನ್ನಿ.