ಮೊದಲ ತರಗತಿಯಲ್ಲಿ ಪೆಲೆಟ್ ಇಲ್ಲ

ಗಡಹಿಂಗ್ಲಜ, ಕೊಲ್ಲಾಪುರ ಜಿಲ್ಲೆ
ರವಿವಾರ, 5 ಅಕ್ಟೋಬರ್ 2025

ದಸರೆ ಮುಗಿದ ಮೇಲಿನ ಮೊದಲ ರವಿವಾರವಾದ ಇಂದು ಹೊಸ ತಂಡದ ಪಿಸ್ತೂಲು ತರಬೇತಿ ಆರಂಭವಾಯಿತು. ಬಂದವರಲ್ಲಿ ಹೆಚ್ಚಿನವರು ಸಂಕೇಶ್ವರದ ಕಡೆಗಿರುವ ಗಡಿ ಹಳ್ಳಿಗಳ ಮಕ್ಕಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ನಮ್ಮದೇ ಜಿಲ್ಲೆಯ ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದ 25 ಮೀಟರ್ ಪಿಸ್ತೂಲು ಸ್ಪರ್ಧೆಯಲ್ಲಿ ಚಿನ್ನ ಗೆದ್ದದ್ದನ್ನೂ, ರಾಧಾನಗರಿ ತಾಲೂಕಿನ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಿಂದ ರೈಫಲ್ ವಿಭಾಗದ ಕಂಚು ತಂದದ್ದನ್ನೂ ಕೇಳಿ ಬಂದ ಈ ಮಕ್ಕಳಿಗೆ ಮೊದಲ ದಿನವೇ ಗುರಿಗೆ ಹೊಡೆಯುವ ಆಸೆ ಇರುವುದು ಸಹಜ. ಆದರೂ ಮೊದಲ ತರಗತಿಯಲ್ಲಿ ನಾನು ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡುಗಳ ಡಬ್ಬಿಯನ್ನು ಕಪಾಟಿನಿಂದ ಹೊರಗೆ ತೆಗೆಯುವುದಿಲ್ಲ. ಪಿಸ್ತೂಲು ಖಾಲಿ ಇದೆ ಎಂಬುದನ್ನು ಕಣ್ಣಾರೆ ಕಂಡು ಹೇಳುವ ಅಭ್ಯಾಸ ಕೈಗೆ ಹತ್ತುವವರೆಗೆ ಮುಂದಿನ ಯಾವ ಪಾಠವೂ ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಮೇಜಿನ ಮೇಲಿದ್ದ, ಗಾಳಿಯ ಒತ್ತಡದಿಂದ ಪೆಲೆಟ್ ಹಾರಿಸುವ ಏರ್ ಪಿಸ್ತೂಲಿನ ನಳಿಗೆಯ ಉದ್ದಕ್ಕೂ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರ ಹಾಯ್ದು ಎರಡೂ ತುದಿಗಳಲ್ಲಿ ಹೊರಗೆ ಕಾಣುತ್ತಿತ್ತು. ಇದನ್ನು ಸೇಫ್ಟಿ ಫ್ಲ್ಯಾಗ್ ಎನ್ನುತ್ತಾರೆ. ನಳಿಗೆಯಲ್ಲಿ ಪೆಲೆಟ್ ಕುಳಿತಿದ್ದರೆ ದಾರ ಆರಪಾರು ಹೋಗುವುದೇ ಇಲ್ಲವಾದ್ದರಿಂದ ದೂರದಲ್ಲಿ ನಿಂತವರಿಗೂ ಪಿಸ್ತೂಲು ಖಾಲಿಯೆಂದು ಇದರಿಂದ ಗೊತ್ತಾಗುತ್ತದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಎತ್ತಿಕೊಂಡು, ಪೆಲೆಟ್ ಇಡುವ ಜಾಗವನ್ನು ತೆರೆದು ನೋಡಿ, "ಖಾಲಿ ಐತ್ರಿ ಸರ್" ಎಂದಳು. ಪಿಸ್ತೂಲು ಪಕ್ಕದ ಹುಡುಗನ ಕೈಗೆ ಹೋಯಿತು. ಅವನು ಸುಮ್ಮನೆ ಹಿಡಿದುಕೊಂಡು ನಿಂತಾಗ ನೀನೂ ನೋಡು ಎಂದೆ. "ಅಕಿ ಈಗರ ನೋಡ್ಯಾಳಲ್ರಿ" ಎಂದ. ಅವಳು ನೋಡಿದ್ದು ಅವಳಿಗಾಯಿತು. ಪಿಸ್ತೂಲು ಕೈ ಬದಲಿಸಿದಾಗಲೆಲ್ಲ ಪಡೆದುಕೊಂಡವರು ಮತ್ತೆ ತೆರೆದು ನೋಡಲೇಬೇಕು, ಎರಡು ಕ್ಷಣಗಳ ಹಿಂದೆ ಮೇಜಿನ ಮೇಲಿಟ್ಟು ತಿರುಗಿ ಎತ್ತಿಕೊಂಡವರೂ ನೋಡಲೇಬೇಕು ಎಂದು ವಿವರಿಸಿದೆ. ಪಿಸ್ತೂಲು ಸಾಲಿನ ಕೊನೆಯವರೆಗೆ ಹೋಗಿ ಮರಳುವಷ್ಟರಲ್ಲಿ ಯಾರೂ ನೆನಪಿಸದೆಯೇ ಎಲ್ಲರೂ ತೆರೆದು ನೋಡತೊಡಗಿದ್ದರು.

ನಳಿಗೆಯ ದಿಕ್ಕಿನ ವಿಷಯದಲ್ಲಿ ಹೊಸಬರು ಎಡವುವುದು ಉದ್ಧಟತನದಿಂದಲ್ಲ, ವಿನಯದಿಂದ. ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ಮಗು ಗೌರವದಿಂದ ತಿರುಗುತ್ತದೆ, ಮುಂದೆ ಚಾಚಿದ ತೋಳು ಮೈಯೊಂದಿಗೆ ತಿರುಗುತ್ತದೆ, ನಳಿಗೆಯು ಪಕ್ಕದಲ್ಲಿ ನಿಂತವರನ್ನೆಲ್ಲ ಸವರಿಕೊಂಡು ಬರುತ್ತದೆ. ಆದ್ದರಿಂದ ಯಾರೇ ಕರೆಯಲಿ, ಮೊದಲು ಪಿಸ್ತೂಲನ್ನು ಗುರಿಯ ದಿಕ್ಕಿಗೇ ಮೇಜಿನ ಮೇಲಿಟ್ಟು, ಕೈ ಬಿಟ್ಟು, ಆಮೇಲೆ ತಿರುಗಬೇಕೆಂದು ಬೇಕೆಂದೇ ಹೆಸರು ಕರೆದು ಕರೆದು ಅಭ್ಯಾಸ ಮಾಡಿಸಿದೆ. "ಸ್ಟಾಪ್" ಎಂಬ ಆಜ್ಞೆ ಕಿವಿಗೆ ಬಿದ್ದೊಡನೆ ಟ್ರಿಗರ್ ಅರ್ಧ ಒತ್ತಿದ್ದರೂ ಬೆರಳನ್ನು ಹೊರಗೆಳೆಯಬೇಕು. ಆ ಆಜ್ಞೆಯನ್ನು ತರಬೇತುದಾರನೇ ಕೊಡಬೇಕೆಂದಿಲ್ಲ; ಅಪಾಯ ಕಂಡ ಯಾರು ಬೇಕಾದರೂ, ಎಲ್ಲರಿಗಿಂತ ಚಿಕ್ಕ ಮಗುವೂ ಕೂಗಬಹುದು.

ತೋರುಬೆರಳಿನ ಜಾಗವು ಟ್ರಿಗರ್ ಸುತ್ತಲಿನ ಬಳೆಯಾದ ಟ್ರಿಗರ್ ಗಾರ್ಡಿನ ಹೊರಗೆ, ಪಿಸ್ತೂಲಿನ ಮೈಗುಂಟ ನೇರವಾಗಿ. ಸೈಟುಗಳು, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತುಗಳು, ಗುರಿಯ ಮೇಲೆ ಕೂಡುವವರೆಗೆ ಅದು ಅಲ್ಲಿಂದ ಕದಲಬಾರದು. ಮನುಷ್ಯ ಬೆಚ್ಚಿಬಿದ್ದಾಗ, ಮುಗ್ಗರಿಸಿದಾಗ, ಅಥವಾ ಒಂದು ಕೈಯಿಂದ ಏನನ್ನಾದರೂ ಬಿಗಿಯಾಗಿ ಹಿಡಿದಾಗ ಇನ್ನೊಂದು ಕೈಯ ಬೆರಳುಗಳೂ ತಾವಾಗಿಯೇ ಮುದುಡುತ್ತವೆ. ಆ ಕ್ಷಣ ಬೆರಳು ಟ್ರಿಗರ್ ಮೇಲಿದ್ದರೆ ಬುದ್ಧಿ ಎಚ್ಚೆತ್ತುಕೊಳ್ಳುವ ಮೊದಲೇ ಗುಂಡು ಹಾರಿರುತ್ತದೆ. ಸ್ಪರ್ಧೆಯ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕವನ್ನು ತಡೆದರೆ ಸಾಕೆಂಬುದು ನಿಯಮ. ಅರ್ಧ ಕಿಲೋ ಎಂದರೆ ಮುದುಡಿದ ಬೆರಳಿಗೆ ಲೆಕ್ಕಕ್ಕೇ ಇಲ್ಲ.

ಮಗನನ್ನು ಬಿಡಲು ಬಂದಿದ್ದ ರೈತರೊಬ್ಬರು ತಮ್ಮ ಮನೆಯಲ್ಲಿ ಪರವಾನಗಿ ಇರುವ ಪಿಸ್ತೂಲಿದೆ, ಖಂಡೇನವಮಿಗೆ ಪೂಜೆ ಮಾಡಿದೆವು, ಅದಕ್ಕೂ ಇದೇ ಪದ್ಧತಿಯೇ ಎಂದು ಕೇಳಿದರು. ಅವರು ಕೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು, ಏಕೆಂದರೆ ಮದ್ದಿನ ಪಿಸ್ತೂಲನ್ನು ಖಾಲಿ ಮಾಡುವುದರಲ್ಲಿ ಕ್ರಮವೇ ಮುಖ್ಯ. ಮೊದಲು ಗುಂಡುಗಳನ್ನು ತುಂಬಿಡುವ ಮ್ಯಾಗಜಿನ್ ಹೊರಗೆ ಬರಬೇಕು, ಆಮೇಲೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗವಾದ ಸ್ಲೈಡನ್ನು ಹಿಂದಕ್ಕೆಳೆದು, ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗವಾದ ಚೇಂಬರಿನಲ್ಲಿರುವ ಗುಂಡನ್ನು ಹೊರಹಾಕಿ, ಸ್ಲೈಡನ್ನು ತೆರೆದೇ ಹಿಡಿದು ಬೆಳಕಿನಲ್ಲಿ ಒಳಗೆ ನೋಡಬೇಕು. ಕ್ರಮ ತಪ್ಪಿ ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಎಳೆದು ಬಿಟ್ಟರೆ ಒಂದು ಗುಂಡು ಹೊರಗೆ ಬೀಳುವುದು ಕಣ್ಣಿಗೆ ಕಾಣುತ್ತದೆ, ಇನ್ನೊಂದು ಚೇಂಬರಿಗೆ ಏರುವುದು ಕಾಣುವುದಿಲ್ಲ. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಖಾಲಿಯಾಯಿತೆಂದುಕೊಳ್ಳುವುದೂ ಅಷ್ಟೇ ಅಪಾಯಕಾರಿ. ಟ್ರಿಗರ್ ಒತ್ತಿದರೂ ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಬೇಕು, ಮದ್ದು ತಡವಾಗಿ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಸದ್ದು ಕ್ಷೀಣವಾಗಿ ಕೇಳಿಸಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದಾದ್ದರಿಂದ ಮುಂದಿನ ಗುಂಡನ್ನು ಹಾರಿಸಲೇಬಾರದು. ಮನೆಯಲ್ಲಿ ಪಿಸ್ತೂಲಿಗೊಂದು ಬೀಗ, ಗುಂಡುಗಳಿಗೆ ಬೇರೆ ಕಡೆ ಇನ್ನೊಂದು ಬೀಗ ಇರಲಿ ಎಂದೆ. ಮದುವೆ, ಮೆರವಣಿಗೆಗಳಲ್ಲಿ ಆಕಾಶಕ್ಕೆ ಹಾರಿಸುವ ಮಾತೂ ಬಂತು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಾದ ತಿದ್ದುಪಡಿಯ ಪ್ರಕಾರ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೇಲಕ್ಕೆ ಹೋದ ಗುಂಡು ಯಾರದೋ ಅಂಗಳಕ್ಕೆ ಇಳಿದೇ ಇಳಿಯುತ್ತದೆ.

ಮಧ್ಯಾಹ್ನದ ಅವಧಿಯನ್ನು ಗುರಿ ಹಿಡಿಯುವ ಪಾಠಕ್ಕೆ ಮೀಸಲಿಟ್ಟೆ. ನನಗೆ ಅತ್ಯಂತ ಪ್ರಿಯವಾದ ಪಾಠವಿದು. ಹಿಂದಿನ ಸೈಟಿನ ಕಚ್ಚಿನಲ್ಲಿ ಮುಂದಿನ ಸೈಟಿನ ಕಡ್ಡಿ ನಿಲ್ಲಬೇಕು, ಎರಡರ ಮೇಲಂಚು ಒಂದೇ ಮಟ್ಟದಲ್ಲಿರಬೇಕು, ಕಡ್ಡಿಯ ಎಡಬಲಗಳಲ್ಲಿ ಬೆಳಕು ಸಮನಾಗಿ ಕಾಣಬೇಕು ಎಂಬುದನ್ನು ಮಕ್ಕಳು ಬೇಗ ಗ್ರಹಿಸುತ್ತಾರೆ. ಕಣ್ಣಿನ ನೋಟ ಮುಂದಿನ ಸೈಟಿನ ಮೇಲೆಯೇ ನೆಟ್ಟಿರಬೇಕು, ಗುರಿ ಮಸುಕಾಗಿ ಕಂಡರೆ ಕಾಣಲಿ ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಹೊಡೆಯಬೇಕಾದ ಗುರಿಯನ್ನೇ ಮಸುಕು ಮಾಡಿಕೊಳ್ಳುವುದು ಹೇಗೆಂದು ಒಬ್ಬ ಹುಡುಗ ಪಟ್ಟು ಹಿಡಿದು ಕೇಳಿದ. ಆಗ ಹಲಗೆಯ ಮೇಲೆ ಲೆಕ್ಕ ಬಿಡಿಸಿದೆ. ಎರಡು ಸೈಟುಗಳ ನಡುವಿನ ಅಂತರ 33 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮುಂದಿನ ಸೈಟು ಕಚ್ಚಿನೊಳಗೆ 1 ಮಿಲಿಮೀಟರ್ ಸರಿದಾಗ 10 ಮೀಟರ್ ದೂರದಲ್ಲಿ ಪೆಲೆಟ್ ಸುಮಾರು 30 ಮಿಲಿಮೀಟರ್ ಸರಿದು ಬೀಳುತ್ತದೆ. ಗುರಿಯ ನಡುವೆ ಹತ್ತು ಅಂಕ ಕೊಡುವ ವೃತ್ತದ ವ್ಯಾಸ 11.5 ಮಿಲಿಮೀಟರ್ ಮಾತ್ರ. ಹತ್ತಕ್ಕೆ ಬೀಳಬೇಕಾದ ಪೆಲೆಟ್ ಏಳಕ್ಕೆ ಹೋಯಿತು. ಅದೇ ಸೈಟುಗಳು ಪರಸ್ಪರ ಸರಿಯಾಗಿ ಕೂಡಿದ್ದು, ಇಡೀ ಕೈ ಸಮಾನಾಂತರವಾಗಿ 7 ಮಿಲಿಮೀಟರ್ ಅತ್ತಿತ್ತ ಹೋದರೆ? ಪೆಲೆಟ್ ಕೂಡ 7 ಮಿಲಿಮೀಟರೇ ಸರಿಯುತ್ತದೆ, ಮತ್ತು ಪೆಲೆಟ್‌ನ ಅಂಚು ಗೆರೆಗೆ ತಾಗಿದರೂ ಒಳಗಿನ ಅಂಕವೇ ಸಿಗುವುದರಿಂದ 4.5 ಮಿಲಿಮೀಟರ್ ದಪ್ಪದ ಆ ಪೆಲೆಟ್‌ಗೆ ಇನ್ನೂ ಹತ್ತು ಅಂಕವೇ. ಒಂದೇ ಕೈಯಲ್ಲಿ ಚಾಚಿ ಹಿಡಿದ ಪಿಸ್ತೂಲು ಅಲುಗದೆ ಇರುವುದು ಯಾರಿಂದಲೂ ಆಗದು. ಆ ಅಲುಗಾಟವನ್ನು ಒಪ್ಪಿಕೊಂಡು ಸೈಟುಗಳ ಹೊಂದಾಣಿಕೆಯನ್ನು ಕಾಯಬೇಕೆಂದು ಲೆಕ್ಕವೇ ಹೇಳಿದ ಮೇಲೆ ಹುಡುಗ ಸುಮ್ಮನಾಗಿ ಅದನ್ನು ವಹಿಯಲ್ಲಿ ಬರೆದುಕೊಂಡ.

ಕೈ ನಿಂತಿತೆಂದು ಕಂಡ ಕ್ಷಣದಲ್ಲಿ ಟ್ರಿಗರನ್ನು ಚಿವುಟುವುದು ಆ ಅಲುಗಾಟಕ್ಕಿಂತ ದೊಡ್ಡ ಶತ್ರು. ಬಲಗೈಯವರಾದರೆ ಹಾಗೆ ಚಿವುಟಿದ ಹೊಡೆತಗಳು ಸಾಮಾನ್ಯವಾಗಿ ಕೆಳಗೆ ಎಡಕ್ಕೆ ಬೀಳುತ್ತವೆ. ಒತ್ತಡವನ್ನು ಒಂದೇ ಸಮನೆ ಹೆಚ್ಚಿಸುತ್ತ ಹೋಗಿ, ಬಿಡುಗಡೆ ತಾನಾಗಿ ಆಗಲು ಬಿಡಬೇಕು. ಆದ ಮೇಲೂ ಒಂದು ಸೆಕೆಂಡು ಸೈಟುಗಳನ್ನು ಹಾಗೆಯೇ ನೋಡುತ್ತ ನಿಲ್ಲಬೇಕು. ಉಸಿರನ್ನು ಅರ್ಧ ಬಿಟ್ಟು ಹಿಡಿದ ಮೇಲೆ ಎಂಟು ಹತ್ತು ಸೆಕೆಂಡುಗಳೊಳಗೆ ಹೊಡೆತ ಮುಗಿಯದಿದ್ದರೆ ಬೆರಳು ಹೊರಗೆ ತೆಗೆದು ತೋಳು ಇಳಿಸುವುದೇ ಸರಿ, ಏಕೆಂದರೆ ಆಮೇಲೆ ಕಣ್ಣು ಮಂಜಾಗಿ ತೋಳು ನಡುಗತೊಡಗುತ್ತದೆ. ತೋಳು ಇಳಿಸಿ ಮತ್ತೆ ಆರಂಭಿಸಿದ ಮಗುವನ್ನು ನಾನು ಎಲ್ಲರೆದುರು ಮೆಚ್ಚಿಕೊಳ್ಳುತ್ತೇನೆ. ಇದನ್ನೆಲ್ಲ ಇಂದು ಡ್ರೈ ಫೈರ್‌ನಲ್ಲೇ, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವ ಅಭ್ಯಾಸದಲ್ಲೇ, ಕಪ್ಪು ವೃತ್ತವಿಲ್ಲದ ಬಿಳಿಯ ಕಾಗದದ ಎದುರು ಮಾಡಿಸಿದೆ; ಗುರಿಯೇ ಕಾಣದಿದ್ದಾಗ ಕಣ್ಣಿಗೆ ಸೈಟು ಬಿಟ್ಟು ಹೋಗಲು ಬೇರೆ ಜಾಗವಿರುವುದಿಲ್ಲ. ಎರಡನೆಯ ವಾರ ಪೆಲೆಟ್ ಕೊಟ್ಟಾಗಲೂ ಕಾಗದ ಬಿಳಿಯದೇ ಇರುತ್ತದೆ, ಅಂಕಗಳನ್ನು ಎಣಿಸದೆ ತೂತುಗಳು ಒಂದರ ಬಳಿ ಒಂದು ಬಿದ್ದಿವೆಯೇ ಎಂಬುದನ್ನಷ್ಟೇ ನೋಡುತ್ತೇವೆ.

ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸದ ನಡುವೆ ಏನನ್ನೂ ತಿನ್ನಬಾರದು, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು, ಕಣ್ಣಿಗೆ ರಕ್ಷಣಾ ಕನ್ನಡಕ ತರಬೇಕು ಎಂದು ಪಾಲಕರಿಗೆ ಚೀಟಿ ಬರೆದು ಕಳಿಸಿದ್ದೇನೆ. ಮುಂದಿನ ರವಿವಾರ ನಿಲುವಿನ ಪಾಠ. ಕಣ್ಣು ಮುಚ್ಚಿ ತೋಳೆತ್ತಿ, ಕಣ್ಣು ತೆರೆದಾಗ ಪಿಸ್ತೂಲು ಗುರಿಯಿಂದ ಪಕ್ಕಕ್ಕೆ ನಿಂತಿದ್ದರೆ ತೋಳನ್ನು ಎಳೆದು ತರದೆ ಹಿಂದಿನ ಪಾದವನ್ನು ಸರಿಸಿಕೊಳ್ಳಬೇಕು. ಪ್ರತಿಯೊಬ್ಬರ ಪಾದದ ಗುರುತನ್ನು ನೆಲದ ಮೇಲೆ ಬರೆದಿಡಲು ಸೀಮೆಸುಣ್ಣ ಬೇಕು, ಮತ್ತು ಚಪ್ಪಲಿಯ ಬದಲು ಅಡಿ ಸಪಾಟಾಗಿರುವ ಬೂಟು ಹಾಕಿಕೊಂಡು ಬರಲು ಮಕ್ಕಳಿಗೆ ಶನಿವಾರ ಸಂಜೆ ಮತ್ತೊಮ್ಮೆ ತಿಳಿಸಬೇಕು.