ಎರೆ ಹೊಲದಲ್ಲಿ ಜಿಯೋಫೋನ್: ಬೇಸಿಗೆಯಲ್ಲೂ ಹೆಜ್ಜೆ ಸಿಕ್ಕಿತು

ಅಣ್ಣಿಗೇರಿ ಕಡೆಯ ಎರೆ (ಕಪ್ಪುಮಣ್ಣಿನ) ಹೊಲದ ಬದುವಿನಲ್ಲಿ ಹೂತ ನೋಡ್ (ನೆಲದ ಅದುರು ಹಿಡಿದು ರೇಡಿಯೊದಲ್ಲಿ ತಿಳಿಸುವ ಘಟಕ) ಕೊನೆಗೂ ಏಪ್ರಿಲ್ ಬಿಸಿಲಲ್ಲೂ ಮನುಷ್ಯನ ನಡಿಗೆ ಹಿಡಿಯುತ್ತಿದೆ. ಸರ್ಕ್ಯೂಟು ಹಳೆಯದೇ. ಎಸ್‌ಎಂ-24 ಜಿಯೋಫೋನ್ (ಸ್ಪ್ರಿಂಗಿಗೆ ತೂಗಿದ ಕಾಯಿಲ್ ಆಡಿ ನೆಲದ ಅದುರನ್ನು ವಿದ್ಯುತ್ ಸಿಗ್ನಲ್ ಮಾಡುವ ಸೆನ್ಸಾರ್; 10 ಹರ್ಟ್ಜ್, 375 ಓಮ್), ಅದಕ್ಕೆ ಅಡ್ಡಲಾಗಿ 1 ಕಿಲೋಓಮ್ ಶಂಟ್ ರೆಸಿಸ್ಟರ್, ಎಂಸಿಪಿ6042 ಆಪ್‌ಆಂಪ್‌ನಲ್ಲಿ (ಸಿಗ್ನಲ್ ಹಿಗ್ಗಿಸುವ ಚಿಪ್) ಎರಡು ಹಂತ, ತಲಾ 22 ಪಟ್ಟು ಗೇನ್ (ಹಿಗ್ಗಿಕೆ). ಆಮೇಲೆ ಎಸ್‌ಟಿಎಂ32 ಮೈಕ್ರೊಕಂಟ್ರೋಲರ್, 865–867 ಮೆಗಾಹರ್ಟ್ಜ್ ಲೋರಾ ರೇಡಿಯೊ. ಒಂದೇ ಹಂತದಲ್ಲಿ 500 ಪಟ್ಟು ಎಳೆಯಲು ಹೋಗಬೇಡಿ. ಈ ಆಪ್‌ಆಂಪ್‌ನ ಗೇನ್-ಬ್ಯಾಂಡ್‌ವಿಡ್ತ್ (ಗೇನ್ ಮತ್ತು ಫ್ರೀಕ್ವೆನ್ಸಿ ಗುಣಿಸಿದರೆ ಸಿಗುವ ಮಿತಿ) ಬರೀ 14 ಕಿಲೋಹರ್ಟ್ಜ್. ಹಾಗೆ ಮಾಡಿದರೆ 28 ಹರ್ಟ್ಜ್‌ಗೇ ಸಿಗ್ನಲ್ ಕುಸಿಯುತ್ತದೆ.

ಕಾಡಿದ್ದು ಸರ್ಕ್ಯೂಟಲ್ಲ, ನೆಲ. ಎಲ್ಲರೂ ಹೇಳುವಂತೆ ಜಿಯೋಫೋನಿನ ಅಡಿಗಿರುವ 75 ಮಿಲಿಮೀಟರ್ ಸ್ಪೈಕನ್ನು ಮೇಲ್ಮಣ್ಣಿಗೆ ಚುಚ್ಚಿದರೆ, ಕಡಲೆ ನಿಂತಿದ್ದು ನೆಲದಲ್ಲಿ ಹಸಿ ಇರುವವರೆಗೆ 20 ಮೀಟರ್ ದೂರದ ಹೆಜ್ಜೆಯೂ ಸ್ಪಷ್ಟ. ಕಡಲೆ ಕಿತ್ತು ಬಿಸಿಲು ಏರಿತೋ, ಐದಾರು ಮೀಟರ್ ಆಚೆ ಏನೂ ಇಲ್ಲ. ಎರೆಮಣ್ಣು ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಹೆಜ್ಜೆಯ ಅಲೆ ಬಹುಪಾಲು ನೆಲದ ಮೇಲ್ಪದರದಲ್ಲೇ ಸಾಗುವುದರಿಂದ ಬಿರುಕು ಅದನ್ನು ಅಲ್ಲಲ್ಲೇ ತುಂಡರಿಸುತ್ತದೆ. ಸ್ಪೈಕಿನ ಸುತ್ತಲೂ ಸಂದು ಬಿದ್ದು ಅದು ಸಡಿಲಾಗುತ್ತದೆ, ತನ್ನದೇ ಗದಗದ ಸೇರಿಸುತ್ತದೆ. ಗೇನ್ ಏರಿಸಿದರೆ ಏರುವುದು ಗಾಳಿಯ ಸದ್ದಷ್ಟೇ. ಮುಂಗಾರಿ ಬಿದ್ದರೆ ಇನ್ನೊಂದು ಪೀಡೆ: ಮಣ್ಣು ಉಬ್ಬಿ ಜಿಯೋಫೋನನ್ನೇ ವಾಲಿಸುತ್ತದೆ. 10 ಡಿಗ್ರಿ ದಾಟಿ ವಾಲಿದರೆ ಡೇಟಾಶೀಟಿನ ಅಂಕಿಗಳನ್ನು ನಂಬುವಂತಿಲ್ಲ.

ಸಿಮೆಂಟ್ ಕಟ್ಟೆ ಹಾಕಿದರೂ ಬೇಸಿಗೆಯಲ್ಲಿ ಅದರ ಸುತ್ತ ಸಂದು, ಮಳೆಯಲ್ಲಿ ಕಟ್ಟೆಯೇ ಮೇಲೇಳುತ್ತದೆ. ಗುಂಡಿಗೆ ಉಸುಕು ಅಥವಾ ಗರಸು ತುಂಬಿದರೆ ಸುತ್ತಲಿನ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಈ ಮೂರರ ಗೊಡವೆ ಬೇಡ.

ಕೆಲಸ ಮಾಡಿದ್ದು ಆಳ. 100 ಮಿಲಿಮೀಟರ್ ಅಗಲದ, ತಿರುಗಿಸಿ ಕೊರೆಯುವ ಕೈ ಆಗರ್‌ನಿಂದ 90 ಸೆಂಟಿಮೀಟರ್ ತೋಡಿ. ತಳದ ಮಣ್ಣನ್ನು ಬೆರಳಲ್ಲಿ ಹೊಸೆದರೆ ಎಳೆ ಬರಬೇಕು. ಪುಡಿಯಾದರೆ ಇನ್ನೂ ಕೆಳಗೆ ಹೋಗಿ. ಸ್ಪೈಕನ್ನು ಕದಡದ ತಳಕ್ಕೆ ನೇರವಾಗಿ ಒತ್ತಿ, ಅಗೆದ ಹಸಿ ಮಣ್ಣನ್ನೇ 5 ಸೆಂಟಿಮೀಟರ್ ಪದರಗಳಲ್ಲಿ ದಮ್ಮಸ್ಸು ಮಾಡುತ್ತ 15 ಸೆಂಟಿಮೀಟರ್ ಮುಚ್ಚಿ. ಅಲ್ಲಿಂದ ಮೇಲೆ ಕೇಬಲ್ಲಿಗೆ ಪಿವಿಸಿ ಪೈಪು, ಒಳಗೆ ಒಂದು ಸುತ್ತು ಸಡಿಲ ಕೇಬಲ್. ಪೈಪಿಲ್ಲದಿದ್ದರೆ ಕುಗ್ಗುವ ಮಣ್ಣು ಕೇಬಲ್ಲನ್ನೂ, ಅದರೊಂದಿಗೆ ಜಿಯೋಫೋನನ್ನೂ ಎಳೆಯುತ್ತದೆ.

ಇಷ್ಟು ಆಳಕ್ಕೆ ಹೋದರೆ ಹೆಜ್ಜೆ ಕೇಳದಾಗುವುದಿಲ್ಲವೇ? ಇಲ್ಲ. ಅಲೆಯ ವೇಗ ಸೆಕೆಂಡಿಗೆ 150 ಮೀಟರ್ ಎಂದಿಟ್ಟುಕೊಂಡರೆ 30 ಹರ್ಟ್ಜ್‌ಗೆ ಅಲೆಯ ಉದ್ದ 5 ಮೀಟರ್. 90 ಸೆಂಟಿಮೀಟರ್ ಅದರ ಐದನೆಯ ಒಂದು ಭಾಗವೂ ಅಲ್ಲ. ಉದ್ದನೆಯ ಅಲೆ ಬಿರುಕಿನ ಕೆಳಗಿನಿಂದಲೇ ದಾಟಿ ಬರುತ್ತದೆ. ಬಿರುಕಿಗೆ ಸಿಕ್ಕಿ ಸಾಯುವುದು ಮೇಲಿನ ಫ್ರೀಕ್ವೆನ್ಸಿ. ಹಾಗಾಗಿ ಫಿಲ್ಟರನ್ನು 12–40 ಹರ್ಟ್ಜ್‌ಗೆ ಇಳಿಸಿದೆವು. ಇದರಿಂದ ಪಂಪಿನ ಕಾಟವೂ ತಪ್ಪಿತು. ಕೇಬಲ್ಲಿಗೆ ಹತ್ತುವ ಕರೆಂಟಿನ ಗುಂಯ್ ಸರಿಯಾಗಿ 50 ಹರ್ಟ್ಜ್, ಆದರೆ ಬೋರ್‌ವೆಲ್ ಮೋಟರ್ 2,850–2,900 ಆರ್‌ಪಿಎಂ ತಿರುಗುವುದರಿಂದ ನೆಲದ ಅದುರು ಸುಮಾರು 48. ಬರೀ 50ಕ್ಕೆ ನಾಚ್ (ಒಂದೇ ಫ್ರೀಕ್ವೆನ್ಸಿ ಕತ್ತರಿಸುವ ಫಿಲ್ಟರ್) ಹಾಕಿದವರಿಗೆ ಥ್ರೀ ಫೇಸ್ ಬಂದಾಗೆಲ್ಲ ಅಲಾರಂ ಹೊಡೆಯುವುದು ಇದಕ್ಕೇ.

ಮುಂದಿನ ಕೆಲಸ ರಾಣೆಬೆನ್ನೂರು ಕಡೆಯ ಹೊಲಕ್ಕೆ, ಚಿಗರಿ (ಕೃಷ್ಣಮೃಗ) ಯಾವುದು ಮನುಷ್ಯ ಯಾರು ಎಂದು ಬೇರ್ಪಡಿಸುವುದು. ಮನುಷ್ಯನ ಹೆಜ್ಜೆಗಳ ನಡುವೆ ಅರ್ಧ ಸೆಕೆಂಡಿನ ಆಸುಪಾಸು ಸಮ ಅಂತರ ಇರುತ್ತದೆ. ಸಿಗ್ನಲ್‌ನ ಎನ್ವಲಪ್ (ಏರಿಳಿತದ ಹೊರಗೆರೆ) ತನ್ನದೇ ಹಿಂದಿನ ಭಾಗಕ್ಕೆ ಎಷ್ಟು ಹೋಲುತ್ತದೆಂದು ನೋಡುವ ಆಟೊಕೋರಿಲೇಷನ್‌ನಲ್ಲಿ ಅದು ಚೂಪಾಗಿ ಕಾಣುತ್ತದೆ, ಮೇಯುತ್ತ ನಿಂತು ನಡೆಯುವ ಚಿಗರಿಯದು ಚದುರುತ್ತದೆ. ಕೋಡ್ ಅರ್ಧ ಆಗಿದೆ.

ಕೊಳ್ಳುವವರಿಗೆ ಎಚ್ಚರ. ವರ್ಟಿಕಲ್ ಜಿಯೋಫೋನ್ (ಮೇಲೆ-ಕೆಳಗಿನ ಅದುರು ಹಿಡಿಯುವುದು) ಕೇಳಿದರೆ ಹಾರಿಜಾಂಟಲ್ (ಅಡ್ಡ ಅದುರಿನದು) ಕಳಿಸುವ ಅಂಗಡಿಗಳಿವೆ, ಎರಡೂ ನೋಡಲು ಒಂದೇ, ಓಮ್ ಅಳೆದರೂ ಗೊತ್ತಾಗದು. ನೆಟ್ಟಗೆ ಹಿಡಿದು ತಟ್ಟಿ, ಆಮೇಲೆ ಮಲಗಿಸಿ ತಟ್ಟಿ. 10 ಹರ್ಟ್ಜ್ ಸ್ಪ್ರಿಂಗ್ ತೂಕಕ್ಕೆ ಸುಮಾರು 2.5 ಮಿಲಿಮೀಟರ್ ಜಗ್ಗಿರುತ್ತದೆ, ಕಾಯಿಲ್ ಆಡುವ ಜಾಗ ಅಷ್ಟಿಲ್ಲ. ಹಾಗಾಗಿ ವರ್ಟಿಕಲ್ ಮಲಗಿದೊಡನೆ ಕಾಯಿಲ್ ಅಂಚಿಗೆ ತಾಗಿ ಸಿಗ್ನಲ್ ಸಾಯುತ್ತದೆ. ಮಲಗಿಸಿದಾಗಲೇ ಜೋರಾಗಿ ಬಂದರೆ ಅವತ್ತೇ ವಾಪಸ್ ಕಳಿಸಿ.

ಸಿದ್ಧ ಸೆನ್ಸಾರ್‌ಗಳ ಮಾರುಕಟ್ಟೆ ಸೈನ್ಯ ಮತ್ತು ಗಡಿ ಕಾವಲಿನದು. 2018ರ ಸೆಪ್ಟೆಂಬರಿನಲ್ಲಿ ಜಮ್ಮು ಗಡಿಯಲ್ಲಿ ಶುರುವಾದ ಸ್ಮಾರ್ಟ್ ಬೇಲಿಯಂಥ ಯೋಜನೆಗಳಿಗೆ ಸಗಟಾಗಿ ಹೋಗುತ್ತವೆ, ಒಂದೆರಡು ಬೇಕೆನ್ನುವ ರೈತನನ್ನು ಕೇಳುವವರಿಲ್ಲ. ಕರಪತ್ರದಲ್ಲಿ ಇಷ್ಟು ಮೀಟರ್ ಎಂದು ದೂರ ಬರೆದಿರುತ್ತಾರೆ. ಯಾವ ಮಣ್ಣು, ಯಾವ ತಿಂಗಳು ಎಂದು ಬರೆಯದ ಆ ಅಂಕಿಗೆ ಎರೆಸೀಮೆಯಲ್ಲಿ ಬೆಲೆಯಿಲ್ಲ.

ಉಳಿದಿರುವುದು ಮಳೆಗಾಲ. ಗುಂಡಿಯಲ್ಲಿ ನೀರು ನಿಂತೇ ನಿಲ್ಲುತ್ತದೆ. ಜಾಯಿಂಟಿಗೆ ಸಬ್‌ಮರ್ಸಿಬಲ್ ಪಂಪಿನ ರೆಸಿನ್ ಕಿಟ್ ಸುರಿದಿದ್ದೇವೆ. ಜೂನ್‌ನಿಂದ ವಾರಕ್ಕೊಮ್ಮೆ ಕಾಯಿಲ್ ರೆಸಿಸ್ಟನ್ಸನ್ನೂ ಕೇಬಲ್ಲಿನ ಶೀಲ್ಡ್‌ಗೆ ಸೋರಿಕೆಯನ್ನೂ ಅಳೆದು ಇಲ್ಲಿ ಹಾಕುತ್ತೇವೆ.