ಮಂಡಕ್ಕಿ ಭಟ್ಟಿಯ ಅಜ್ಜಿ

ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬ. ಹರಿಹರದ ಆರೋಗ್ಯ ಮಾತೆಯ ಬಸಿಲಿಕಾಕ್ಕೆ, ಎಂದರೆ ಪೋಪರಿಂದ ವಿಶೇಷ ಮನ್ನಣೆ ಪಡೆದ ಚರ್ಚಿಗೆ, ಅಂದು ಬರುವವರು ಕ್ರೈಸ್ತರು ಮಾತ್ರವಲ್ಲ. ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತ ಯಾರೇ ಆದರೂ ಬರುತ್ತಾರೆ. ಅಮ್ಮನ ಆಪರೇಷನ್ ಸುಸೂತ್ರವಾದರೆ ದಾವಣಗೆರೆಯಿಂದ ಬರಿಗಾಲಿನಲ್ಲಿ ನಡೆದು ಬರುತ್ತೇನೆಂದು ನಾನೂ ಬೇಡಿಕೊಂಡಿದ್ದೆ. ಮಾತೆ ಕೈಬಿಡಲಿಲ್ಲ. ಈ ವರ್ಷ ಹರಕೆ ತೀರಿತು.

ತೇರು, ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ), ಜನಸಾಗರ ಎಲ್ಲವೂ ಇತ್ತು. ಆದರೆ ಇಂದಿಗೂ ಮನಸ್ಸಿನಲ್ಲಿ ನಿಂತಿರುವುದು ಒಂದು ಜೊತೆ ಕೈಗಳು. ನಮ್ಮದೇ ಧರ್ಮಕೇಂದ್ರದ (ಪ್ಯಾರಿಷ್) ಅಜ್ಜಿಯೊಬ್ಬರು ಬಕೆಟ್ಟಿನಲ್ಲಿ ಬಿಸಿನೀರು, ಬಟ್ಟಲಿನಲ್ಲಿ ಕೊಬ್ಬರಿ ಎಣ್ಣೆ ಇಟ್ಟುಕೊಂಡು ನೆಲದ ಮೇಲೆ ಕುಳಿತಿದ್ದರು. ನಡೆದು ಬಂದವರ ಕಾಲು ತೊಳೆದು ಎಣ್ಣೆ ಹಚ್ಚುವುದೇ ಅವರ ಕೆಲಸ. ಮಂಡಕ್ಕಿ ಭಟ್ಟಿಯಲ್ಲಿ ಆಯುಷ್ಯವಿಡೀ ದುಡಿದು ಕಾದ ಮರಳಿನ ಝಳಕ್ಕೆ ಗಡುಸಾದ ಅಂಗೈ. ಆ ಒರಟು ಹೆಬ್ಬೆರಳು ನನ್ನ ಹಿಮ್ಮಡಿಯ ಬಿರುಕಿನಲ್ಲಿ ಎಣ್ಣೆಯನ್ನು ಒತ್ತಿ ಒತ್ತಿ ಇಳಿಸಿತು. ಗುಳ್ಳೆ ಎದ್ದ ಕಡೆ ಮಾತ್ರ ಹೂವಿನಂತೆ ಹಗುರವಾಯಿತು.

ಹಿರಿಯರು ನಮ್ಮ ಕಾಲು ಮುಟ್ಟುವುದುಂಟೇ? "ಬೇಡ ಅಜ್ಜಿ, ನೀವು ದೊಡ್ಡವರು" ಎಂದು ಕಾಲು ಹಿಂದಕ್ಕೆಳೆದುಕೊಂಡೆ. "ಸುಮ್ಮನೆ ಕೂರು ತಾಯಿ, ಹಿಂದೆ ಇನ್ನೂ ಜನ ಇದ್ದಾರೆ" ಎಂದರು, ತಲೆಯೆತ್ತದೆ. ಕಡೆಯ ಭೋಜನದಲ್ಲಿ ಶಿಷ್ಯರ ಕಾಲು ತೊಳೆಯಲು ಬಂದಾಗ ಶಿಷ್ಯ ಪೇತ್ರನು "ನನ್ನ ಪಾದಗಳನ್ನು ನೀವು ಎಂದಿಗೂ ತೊಳೆಯಕೂಡದು" ಎಂದು ಯೇಸುಸ್ವಾಮಿಯನ್ನು ತಡೆದದ್ದೇಕೆಂದು ಆಗ ನನಗೆ ಅರ್ಥವಾಯಿತು. ಅದರ ನೆನಪಿಗೆ ಪವಿತ್ರ ಗುರುವಾರ (ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ) ಚರ್ಚಿನ ಗುರುಗಳು ಹನ್ನೆರಡು ಮಂದಿಯ ಪಾದ ತೊಳೆಯುವುದನ್ನು ಪ್ರತಿವರ್ಷ ನೋಡುತ್ತೇವೆ. ಅಲ್ಲಿ ಕಾಲುಗಳು ಮೊದಲೇ ಶುಭ್ರವಾಗಿರುತ್ತವೆ, ನೀರು ಕೆಡುವುದಿಲ್ಲ. ಇಲ್ಲಿ ಬಕೆಟ್ಟಿನ ನೀರು ಕೆಸರಾಗಿತ್ತು. ಆ ಶಿಷ್ಯರೂ ಧೂಳಿನ ದಾರಿಯಲ್ಲಿ ನಡೆದವರೇ ಅಲ್ಲವೇ!

"ಇಗೋ, ನಾನು ದೇವರ ದಾಸಿ" ಎಂದ ಮರಿಯಮ್ಮ ಮಾಡಿದ ಮೊದಲ ಕೆಲಸವೆಂದರೆ ಅವಸರದಿಂದ ಬೆಟ್ಟದ ಸೀಮೆಗೆ ಹೊರಟದ್ದು. ಬಂಧು ಎಲಿಜಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದರೆಂದು ಶುಭಸಂದೇಶದಲ್ಲಿ ಲೂಕನು ಬರೆಯುತ್ತಾನೆ; ಅಲ್ಲಿ ಏನು ಮಾಡಿದರೆಂದು ಬರೆಯುವುದಿಲ್ಲ. ಇಳಿವಯಸ್ಸಿನ ಬಸುರಿಯ ಮನೆಯಲ್ಲಿ ಇನ್ನೇನಿರುತ್ತದೆ? ನೀರು ತರುವುದು, ಒಲೆ ಹಚ್ಚುವುದು, ಬಟ್ಟೆ ಒಗೆಯುವುದು. ಯಾರೂ ಬರೆದಿಡದ ಆ ಕೆಲಸವನ್ನು ದೇವಮಾತೆಯೇ ಮಾಡಿದರು.

ಈಗ ನಾವು ಒಂದು ಬೆಂಚು ಕೊಟ್ಟರೂ ಅದರ ಮೇಲೆ ಹೆಸರು ಕೆತ್ತಿಸುತ್ತೇವೆ. ಅನ್ನ ಬಡಿಸುವಾಗ ಸೌಟು ಎತ್ತಿ ಹಿಡಿದು ಮೊಬೈಲ್ ಕಡೆ ನೋಡುತ್ತೇವೆ. ಇದನ್ನು ನೋವಿನಿಂದಲೇ ಹೇಳುತ್ತಿದ್ದೇನೆ. ಬಡಿಸುವ ಸಾಲಿನಲ್ಲಿ ನಿಲ್ಲಲು ಯುವಕರು ನಾ ಮುಂದು ತಾ ಮುಂದು ಎನ್ನುತ್ತಾರೆ. ಹಿಂಭಾಗದಲ್ಲಿ ದೊಡ್ಡ ಹಂಡೆಗಳನ್ನು ತಿಕ್ಕುವವರೆಲ್ಲ ತಲೆ ನರೆತವರು. ಬರುವ ಆಗಸ್ಟ್ 30ಕ್ಕೆ ನವೇನ, ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆ, ಮತ್ತೆ ಶುರುವಾಗುತ್ತದೆ. ನಾನು ಹಂಡೆ ತಿಕ್ಕಲು ಹೋಗುತ್ತೇನೆ. ನಮ್ಮ ದಾವಣಗೆರೆಯ ಮಕ್ಕಳು ಯಾರಾದರೂ ಜೊತೆಗೆ ಬರುವುದಾದರೆ ಬೆಳಗಿನ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ಸಿಗಿ.